ಪೆನ್ ಸೆಲ್, ದೊಡ್ಡ ಸೆಲ್, 9 ವೋಲ್ಟ್, 18650: ಎಲ್ಲದಕ್ಕೂ ಒಂದೇ ಚಾರ್ಜರ್ ಸಾಕಾ?

ಕುದ್ರೋಳಿ ಕಾರ್ನರ್

ಮಳೆ ಶುರುವಾಗುವ ಮೊದಲು ರೀಚಾರ್ಜ್ ಸೆಲ್‌ಗಳಿಗೆ ಸರಿಯಾದ ಒಂದು ಚಾರ್ಜರ್ ತೆಗೆಯಬೇಕು. ಬೇಕಾದದ್ದು ಇಷ್ಟು:

ಬಿಪಿ ಮೆಷಿನ್‌ಗೆ ಪೆನ್ ಸೆಲ್ (ಎಎ) 4, ಮಕ್ಕಳ ಆಟದ ಸಾಮಾನಿಗೆ ಪೆನ್ ಸೆಲ್ 4, ರಿಮೋಟ್‌ಗಳಿಗೆ ಸಪೂರ ಸೆಲ್ (ಎಎಎ) 6, ಹಳೆ ಕಾಲದ ಉದ್ದ ಟಾರ್ಚಿಗೆ ದೊಡ್ಡ ಸೆಲ್ (ಡಿ) 3, ಗ್ಯಾಸ್ ಗೀಸರಿಗೆ ದೊಡ್ಡ ಸೆಲ್ 2, ಭಜನಾ ಮಂದಿರದ ಕಾರ್ಡ್‌ಲೆಸ್ ಮೈಕಿಗೆ 9 ವೋಲ್ಟಿನದು 1, ತಲೆಗೆ ಕಟ್ಟುವ ಲೈಟಿನಲ್ಲಿ 18650 (ಪೆನ್ ಸೆಲ್‌ಗಿಂತ ದಪ್ಪದ ಲಿಥಿಯಂ ಸೆಲ್) ಒಂದು.

ಆನ್‌ಲೈನಿನಲ್ಲಿ 'ಯೂನಿವರ್ಸಲ್' ಅಂತ ಇವೆಲ್ಲ ಕೂರುವ ಚಾರ್ಜರ್ ಉಂಟು. ಅದನ್ನೇ ತೆಗೆದರೆ ಆಗ್ತದಾ, ಬೇರೆ ಬೇರೆ ತೆಗೆಯಬೇಕಾ?

ಬೆಸುಗೆ ಕಡ್ಡಿ, ಮಣಿಪಾಲ

ಸೆಲ್ ಕೂರುತ್ತದೋ ಇಲ್ಲವೋ ಅನ್ನುವುದು ಕೊನೆಯ ಪ್ರಶ್ನೆ. ಮೊದಲು ನೋಡಬೇಕಾದದ್ದು ಎರಡು. ಆ ಸೆಲ್‌ಗೆ ಎಷ್ಟು ಕರೆಂಟ್ ಕೊಡುತ್ತದೆ, ತುಂಬಿದ್ದು ಗೊತ್ತಾದ ಮೇಲೆ ಹೇಗೆ ನಿಲ್ಲಿಸುತ್ತದೆ. ಯೂನಿವರ್ಸಲ್ ಚಾರ್ಜರ್‌ಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ.

ನಿಕಲ್ ಮೆಟಲ್ ಹೈಡ್ರೈಡ್ ಸೆಲ್ (ಇನ್ನು ಮುಂದೆ ನಿಕಲ್ ಸೆಲ್ ಅನ್ನುತ್ತೇನೆ) 1.2 ವೋಲ್ಟಿನದು. ಚಾರ್ಜ್ ಆಗುತ್ತಾ ವೋಲ್ಟೇಜ್ 1.45ರ ಆಸುಪಾಸಿಗೆ ಏರುತ್ತದೆ. ತುಂಬಿದ ಕೂಡಲೇ ಸೆಲ್ ಬಿಸಿಯಾಗತೊಡಗಿ ವೋಲ್ಟೇಜ್ ಸ್ವಲ್ಪವೇ ಸ್ವಲ್ಪ ಇಳಿಯುತ್ತದೆ, ಸುಮಾರು 3ರಿಂದ 5 ಮಿಲಿವೋಲ್ಟ್. ಒಳ್ಳೆಯ ಚಾರ್ಜರ್ ಈ ಇಳಿತವನ್ನು ಹಿಡಿದು ನಿಲ್ಲಿಸುತ್ತದೆ. ಡಬ್ಬದ ಮೇಲೆ 'ಮೈನಸ್ ಡೆಲ್ಟಾ ವಿ' ಎಂದು ಬರೆದಿರುವುದು ಇದನ್ನೇ.

ಆದರೆ ಈ ಇಳಿತ ಸ್ಪಷ್ಟವಾಗಿ ಕಾಣಬೇಕಾದರೆ ಕರೆಂಟ್ ಸಾಕಷ್ಟು ಇರಬೇಕು. 2000 ಎಂಎಎಚ್ (ಮಿಲಿಆಂಪ್-ಗಂಟೆ, ಸೆಲ್‌ನ ಸಾಮರ್ಥ್ಯದ ಅಳತೆ) ಪೆನ್ ಸೆಲ್‌ಗೆ 700ರಿಂದ 1000 ಮಿಲಿಆಂಪ್ ಕೊಟ್ಟರೆ ಸ್ಪಷ್ಟ. 300ಕ್ಕೆ ಇಳಿಸಿದರೆ ಇಳಿತ ಎಷ್ಟು ಸಣ್ಣದೆಂದರೆ ಚಾರ್ಜರ್‌ಗೆ ತಪ್ಪಿಹೋಗಬಹುದು. 'ನಿಧಾನಕ್ಕೆ ಚಾರ್ಜ್ ಮಾಡಿದಷ್ಟೂ ಸೆಲ್‌ಗೆ ಒಳ್ಳೆಯದು' ಎಂಬ ಮಾತು ಸ್ಮಾರ್ಟ್ ಚಾರ್ಜರ್ ವಿಷಯದಲ್ಲಿ ಅರ್ಧ ಮಾತ್ರ ಸರಿ. ತೀರಾ ನಿಧಾನ, ಅಂದರೆ ಸಾಮರ್ಥ್ಯದ ಹತ್ತನೇ ಒಂದು ಪಾಲು ಕರೆಂಟಿನಲ್ಲಿ 14ರಿಂದ 16 ಗಂಟೆ ಇಟ್ಟರೆ ತೊಂದರೆ ಇಲ್ಲ. ಅರ್ಧ ಪಾಲು ಕೊಟ್ಟರೂ ತೊಂದರೆ ಇಲ್ಲ. ಕೆಡುವುದು ನಡುವೆ, ಕಾಲು ಪಾಲಿನ ಹತ್ತಿರ.

ಇದನ್ನೇ ದೊಡ್ಡ ಸೆಲ್‌ಗೆ ಹಚ್ಚಿ ನೋಡಿ. ನಿಜವಾದ ರೀಚಾರ್ಜ್ ಡಿ ಸೆಲ್ 8000ದಿಂದ 10000 ಎಂಎಎಚ್. ಯೂನಿವರ್ಸಲ್ ಚಾರ್ಜರ್ ಅದಕ್ಕೆ 500 ಮಿಲಿಆಂಪ್ ಕೊಟ್ಟರೆ, ನಷ್ಟವೂ ಸೇರಿ 24 ಗಂಟೆ ಬೇಕು. ಅಷ್ಟು ಸಣ್ಣ ಕರೆಂಟಿನಲ್ಲಿ ಇಳಿತ ಕಾಣುವುದೇ ಇಲ್ಲ, ಹಾಗಾಗಿ ಟೈಮರ್ ನಿಲ್ಲಿಸಬೇಕು. ಟೈಮರ್ ಪೆನ್ ಸೆಲ್‌ಗೆಂದು 8 ಗಂಟೆಗೆ ಇಟ್ಟದ್ದಾದರೆ ಹಸಿರು ಲೈಟ್ ಬರುತ್ತದೆ, ಸೆಲ್ ಮೂರನೇ ಒಂದು ಭಾಗ ಮಾತ್ರ ತುಂಬಿರುತ್ತದೆ. ಆಮೇಲೆ 'ಸೆಲ್ಲೇ ಹಾಳು' ಎಂದು ಬಿಸಾಡುತ್ತಾರೆ.

ಟಾರ್ಚ್ ರಿಪೇರಿ, ಮಲ್ಪೆ

ದೊಡ್ಡ ಸೆಲ್ ಬಗ್ಗೆ ಇನ್ನೊಂದು. ಅಂಗಡಿಯಲ್ಲಿ ಸಿಗುವ ರೀಚಾರ್ಜ್ ಡಿ ಸೆಲ್ ತುಂಬಾ 2500 ಎಂಎಎಚ್‌ನವು. ತಗಡು ಕತ್ತರಿಸಿ ಬಿಚ್ಚಿದರೆ ಒಳಗೆ ನಡುವಿನಲ್ಲಿ ಒಂದು ಪೆನ್ ಸೆಲ್ ಗಾತ್ರದ್ದೇ ನಿಂತಿರುತ್ತದೆ, ಸುತ್ತ ಪ್ಲಾಸ್ಟಿಕ್ ಕೊಳವೆ, ಮೇಲೆ ಕೆಳಗೆ ಅಗಲದ ಬಿಲ್ಲೆ, ಅಷ್ಟೇ. ಕತ್ತರಿಸುವುದು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಸಾಕು. 10000 ಎಂಎಎಚ್‌ನ ಡಿ ಸೆಲ್ 160 ಗ್ರಾಮ್ ಹತ್ತಿರ ತೂಗ್ತದೆ. ಪೆನ್ ಸೆಲ್ 27 ಗ್ರಾಮ್. ಕೈಗೆ ಹಗುರ ಅನಿಸಿದ ದೊಡ್ಡ ಸೆಲ್‌ಗೆ ದೊಡ್ಡ ಸೆಲ್‌ನ ದುಡ್ಡು ಕೊಡಬೇಡಿ.

ನಿಮ್ಮ ಮೂರು ಸೆಲ್‌ನ ಟಾರ್ಚಿಗೆ ನನ್ನ ಸಲಹೆ: ಪೆನ್ ಸೆಲ್ ಒಳಗೆ ಕೂರಿಸುವ ಡಿ ಗಾತ್ರದ ಪ್ಲಾಸ್ಟಿಕ್ ಅಡಾಪ್ಟರ್ ಮೂರು ತೆಗೆಯಿರಿ. ಹಳೆ ಬಲ್ಬು ಅರ್ಧ ಆಂಪ್ ಎಳೆದರೂ 2000 ಎಂಎಎಚ್‌ನಲ್ಲಿ 4 ಗಂಟೆ ಹತ್ತಿರ ಉರೀತದೆ. ಎಲ್‌ಇಡಿ ಬಲ್ಬ್ ಹಾಕಿದರೆ ಇನ್ನೂ ಹೆಚ್ಚು. ಆಗ ದೊಡ್ಡ ಸೆಲ್‌ಗೆ ಚಾರ್ಜರೇ ಬೇಡ. ಒಂದು ಎಚ್ಚರ, ಎರಡು ಮೂರು ಪೆನ್ ಸೆಲ್ ಒಟ್ಟಿಗೆ ಪ್ಯಾರಲಲ್ಲಾಗಿ ಕೂರಿಸುವ ಅಡಾಪ್ಟರ್ ಬೇಡ. ಒಂದು ತುಂಬಿದ್ದು ಒಂದು ಖಾಲಿ ಬಿದ್ದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗಿ ಬಿಸಿಯಾಗ್ತದೆ.

ಮಲ್ಟಿಮೀಟರ್ 230

ಗೀಸರಿಗೆ ರೀಚಾರ್ಜ್ ಸೆಲ್ ಎಂತಕ್ಕೆ ಮಾರಾಯ್ರೆ? ಕಿಡಿ ಹೊತ್ತಿಸುವಾಗ, ಮತ್ತೆ ಗ್ಯಾಸ್ ವಾಲ್ವ್ ಹಿಡಿದಿಡಲಿಕ್ಕೆ ಮಾತ್ರ ಕರೆಂಟ್ ಬೇಕು. ಎರಡು ಆಲ್ಕಲೈನ್ ಹಾಕಿದರೆ ತಿಂಗಳುಗಟ್ಟಲೆ ಬರ್ತದೆ. ಅದು 3 ವೋಲ್ಟಿಗೆಂದು ಮಾಡಿದ ಸರ್ಕ್ಯೂಟ್, ನಿಕಲ್ ಎರಡು ಸೇರಿ 2.4 ಮಾತ್ರ. ಗ್ಯಾಸಿನ ವಿಷಯದಲ್ಲಿ ಕಂಪನಿಯ ಪುಸ್ತಕದಲ್ಲಿ ಬರೆದ ಸೆಲ್ ಹಾಕುವುದೇ ಸರಿ.

ರಿಮೋಟ್, ಗೋಡೆ ಗಡಿಯಾರ ಕೂಡ ಹಾಗೆಯೇ. ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ ಸಾದಾ ಸೆಲ್ ವರ್ಷ ಬರ್ತದೆ. ರೀಚಾರ್ಜ್ ಸೆಲ್ ಲಾಭ ಕೊಡುವುದು ವಾರ, ಹದಿನೈದು ದಿನಕ್ಕೆ ಖಾಲಿ ಮಾಡುವ ಸಾಮಾನಿನಲ್ಲಿ: ಆಟಿಕೆ, ಟಾರ್ಚ್, ಕ್ಯಾಮೆರಾ ಫ್ಲ್ಯಾಶ್, ಮೈಕ್.

ನಿಮ್ಮ ಪಟ್ಟಿಯಿಂದ ಗೀಸರ್, ರಿಮೋಟ್ ತೆಗೆಯಿರಿ. ಟಾರ್ಚನ್ನು ಪೆನ್ ಸೆಲ್‌ಗೆ ತನ್ನಿ. ಆಗ ಉಳಿಯುವುದು ಹತ್ತು ಹನ್ನೆರಡು ಪೆನ್ ಸೆಲ್, ಒಂದು 9 ವೋಲ್ಟ್, ಒಂದು 18650.

ಕುದ್ರೋಳಿ ಕಾರ್ನರ್

ಇದು ತಲೆಗೇ ಹೊಳೆದಿರಲಿಲ್ಲ. ಹಾಗಾದರೆ ಪೆನ್ ಸೆಲ್ ಚಾರ್ಜರ್ ತೆಗೆಯುವಾಗ ಎಂತ ನೋಡ್ಬೇಕು? ಸೆಲ್ ಜೊತೆ ಪುಕ್ಕಟೆ ಬರುವ ಚಾರ್ಜರ್ ಒಂದು ಕಪಾಟಿನಲ್ಲಿ ಉಂಟು.

ಬೆಸುಗೆ ಕಡ್ಡಿ, ಮಣಿಪಾಲ

ಆ ಚಾರ್ಜರನ್ನು ತಿರುಗಿಸಿ ಹಿಂದಿನ ಚೀಟಿ ಓದಿ. 'ಔಟ್‌ಪುಟ್ 2.4 ವೋಲ್ಟ್' ಎಂದಿದ್ದರೆ ಎರಡು ಸೆಲ್‌ಗಳನ್ನು ಸರಣಿಯಲ್ಲಿ ಒಟ್ಟಿಗೆ ಚಾರ್ಜ್ ಮಾಡುವಂಥದ್ದು. ನಾಲ್ಕು ಜಾಗ ಇದ್ದು ಲೈಟ್ ಎರಡೇ ಇದ್ದರೂ ಸಾಧಾರಣವಾಗಿ ಅದೇ ಅರ್ಥ. ಜೋಡಿಯಲ್ಲಿ ಒಂದು ಅರ್ಧ ತುಂಬಿದ್ದು, ಇನ್ನೊಂದು ಪೂರ್ತಿ ಖಾಲಿಯಾಗಿದ್ದರೆ ಮೊದಲನೆಯದು ಉಕ್ಕಿ ಬಿಸಿಯಾಗುತ್ತದೆ, ಎರಡನೆಯದು ತುಂಬುವುದೇ ಇಲ್ಲ. ಮೂರು ಸೆಲ್‌ನ ಟಾರ್ಚಿನವರಿಗಂತೂ ಅದು ಆಗದು, ಒಂಟಿ ಸೆಲ್ ಉಳಿಯುತ್ತದಲ್ಲ.

ಬೇಕಾದದ್ದು ಪ್ರತಿ ಜಾಗಕ್ಕೂ ಬೇರೆ ಬೇರೆ ನಿಯಂತ್ರಣ ಇರುವುದು. ಪ್ಯಾನಾಸೋನಿಕ್‌ನ ಬಿಕ್ಯೂ-ಸಿಸಿ17 ಹಾಗೆ ಮಾಡುತ್ತದೆ, ಪೆನ್ ಸೆಲ್‌ಗೆ 7 ಗಂಟೆ ಹತ್ತಿರ. ಬಿಕ್ಯೂ-ಸಿಸಿ55 ಬೇಗದ್ದು, ಎರಡು ಪೆನ್ ಸೆಲ್ ಒಂದೂವರೆ ಗಂಟೆ, ನಾಲ್ಕಿದ್ದರೆ 3 ಗಂಟೆ. ಮನೆಬಳಕೆಗೆ ಇಷ್ಟು ಧಾರಾಳ.

ಸೆಲ್‌ನ ಆರೋಗ್ಯ ಅಳೆಯಬೇಕು ಎನ್ನುವವರಿಗೆ ಪವರೆಕ್ಸ್ ಎಂಎಚ್-ಸಿ9000. 200ರಿಂದ 2000 ಮಿಲಿಆಂಪ್‌ವರೆಗೆ ನೂರು ನೂರರ ಹೆಜ್ಜೆಯಲ್ಲಿ ಕರೆಂಟ್ ಇಡಬಹುದು, ಖಾಲಿ ಮಾಡಿ ಅಳೆದು ಎಷ್ಟು ಎಂಎಎಚ್ ಉಳಿದಿದೆ ಎಂದು ತೋರಿಸುತ್ತದೆ. ಆದರೆ ಗುಂಡಿ ಒತ್ತದೆ ಸುಮ್ಮನೆ ಬಿಟ್ಟರೆ ಅದು 1000 ಮಿಲಿಆಂಪ್‌ಗೆ ಹೋಗುತ್ತದೆ. 800 ಎಂಎಎಚ್‌ನ ಸಪೂರ ಸೆಲ್‌ಗೆ ಅದು ಹೆಚ್ಚಾಯಿತು, ಕೈಯಾರೆ 400 ಇಡಬೇಕು.

ಸೆಲ್ ಮಾತ್ರ ಕಡಿಮೆ ಸೋರುವ ಜಾತಿಯದ್ದು ತೆಗೆಯಿರಿ. ಸ್ಯಾನ್ಯೋ 2005ರಲ್ಲಿ ಎನಿಲೂಪ್ ತಂದಾಗಿನಿಂದ ಈ ಬಗೆಯ ಸೆಲ್ ಮನೆಮಾತಾಯಿತು, ಈಗ ಅದು ಪ್ಯಾನಾಸೋನಿಕ್ ಹೆಸರಿನಲ್ಲಿ ಬರುತ್ತದೆ. ಚಾರ್ಜ್ ಮಾಡಿ ಇಟ್ಟು ಆರು ತಿಂಗಳ ಮೇಲೆ ಟಾರ್ಚಿಗೆ ಹಾಕಿದರೂ ಉರಿಯಬೇಕು, ನಮಗೆ ಮಳೆಗಾಲಕ್ಕೆ ಬೇಕಾದದ್ದು ಅದೇ. ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಎನಿಲೂಪ್‌ನಲ್ಲೇ 2000ದ್ದು 2100 ಸಲ ಚಾರ್ಜ್ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ, 2500ರ ಪ್ರೊ 500 ಸಲ.

ಪಡುಬಿದ್ರಿ ಗಾಳಿ

ಕರೆಂಟ್ ಹೋಗುವ ವಿಷಯ ಯಾರೂ ಹೇಳಲಿಲ್ಲ. ಜೂನ್, ಜುಲೈಯಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ಕಡೆ ಟೈಮರ್ ಚಾರ್ಜರ್ ಅಪಾಯ. ಕರೆಂಟ್ ಬಂದಾಗಲೆಲ್ಲ ಅದರ ಲೆಕ್ಕ ಸೊನ್ನೆಯಿಂದ ಶುರು. 7 ಗಂಟೆಯ ಟೈಮರ್ ಆರನೇ ಗಂಟೆಯಲ್ಲಿ ಕರೆಂಟ್ ಹೋಗಿ ಬಂದರೆ ಮತ್ತೆ 7 ಗಂಟೆ ಹೊಡೀತದೆ. ಮೈನಸ್ ಡೆಲ್ಟಾ ವಿ ಇರುವುದಾದರೆ ತುಂಬಿದ ಸೆಲ್ ಅಂತ ಹತ್ತು ಹದಿನೈದು ನಿಮಿಷದಲ್ಲಿ ಗೊತ್ತುಮಾಡಿಕೊಂಡು ನಿಲ್ತದೆ.

ಏಪ್ರಿಲ್, ಮೇ ಸಂಜೆಯ ಗುಡುಗು ಸಿಡಿಲಿಗೆ, ಅಕ್ಟೋಬರಿನಲ್ಲೂ, ಪ್ಲಗ್ಗಿನಿಂದಲೇ ಕಿತ್ತು ಇಡಿ. ಸ್ವಿಚ್ ಆಫ್ ಮಾಡಿದ್ದು ಸಾಲದು.

ಬಿಸಿ: ಸೆಕೆಗಾಲದಲ್ಲಿ ಕೋಣೆಯೇ 32 ಡಿಗ್ರಿ. ಬೇಗದ ಚಾರ್ಜರ್‌ನಲ್ಲಿ ಕೊನೆಯ ಹೊತ್ತಿಗೆ ಸೆಲ್ 45 ಮುಟ್ಟುವುದು ಮಾಮೂಲು. ಬೆರಳಿಟ್ಟು ಐದು ಸೆಕೆಂಡ್ ತಡೆಯಲಿಕ್ಕೆ ಆಗದಷ್ಟು ಬಿಸಿ ಅಂದರೆ ತೆಗೀರಿ, ಚಾರ್ಜರ್ ನಿಲ್ಲಿಸುವುದು ತಪ್ಪಿದೆ. ಫ್ರಿಜ್ಜಿನ ಮೇಲೆ, ಮುಚ್ಚಿದ ಕಪಾಟಿನ ಒಳಗೆ ಚಾರ್ಜ್‌ಗೆ ಇಡಬೇಡಿ.

ಕಾಪು ದೀಪಸ್ತಂಭ

ನಿಕಲ್ ಮತ್ತು ಲಿಥಿಯಂ ಎರಡನ್ನೂ ಮಾಡುವ ನಾಲ್ಕು ಜಾಗದ ಚಾರ್ಜರ್ ಚೆನ್ನಾಗಿಯೇ ಉಂಟಲ್ಲ? ಲಿಟೊಕಾಲಾ ಲೀ-500, ಎಕ್ಸ್‌ಟಾರ್ ವಿಸಿ4 ಬಗೆಯವು. 18650ಕ್ಕೂ ಆಯಿತು, ಪೆನ್ ಸೆಲ್‌ಗೂ ಆಯಿತು.

ಬೆಸುಗೆ ಕಡ್ಡಿ, ಮಣಿಪಾಲ

ಚೆನ್ನಾಗಿವೆ, ಬೇಡ ಅನ್ನುವುದಿಲ್ಲ. ಗೊತ್ತಿದ್ದವರ ಕೈಗೆ. ಮನೆಯಲ್ಲಿ ಎಲ್ಲರೂ ಮುಟ್ಟುವ ಜಾಗದಲ್ಲಿ ಇಡುವುದಾದರೆ ನನಗೆ ಅನುಮಾನ, ಕಾರಣ ಇದು.

ಈ ಚಾರ್ಜರ್‌ಗಳು ಯಾವ ಸೆಲ್ ಎಂದು ತಿಳಿಯುವುದು ವೋಲ್ಟೇಜ್ ನೋಡಿ. 18650 ಲಿಥಿಯಂ 3.6 ಅಥವಾ 3.7 ವೋಲ್ಟ್, 4.2ಕ್ಕೆ ಚಾರ್ಜ್ ಮುಗಿಯಬೇಕು. ಅದು ಪೂರ್ತಿ ಬತ್ತಿ 1.2 ವೋಲ್ಟ್‌ಗೆ ಇಳಿದಿದ್ದರೆ ಚಾರ್ಜರ್ ಅದನ್ನು ನಿಕಲ್ ಎಂದೇ ತಿಳಿಯಬಹುದು. ಅಷ್ಟು ಬತ್ತಿದ ಲಿಥಿಯಂ ಸೆಲ್ ಚಾರ್ಜ್ ಮಾಡುವುದೇ ಅಪಾಯ. ಇನ್ನು 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ 3.65ಕ್ಕೆ ನಿಲ್ಲಬೇಕು. ಚಾರ್ಜರಿನಲ್ಲಿ ಅದಕ್ಕೆ ಬೇರೆ ಆಯ್ಕೆ ಇಲ್ಲದಿದ್ದರೆ 4.2ರ ತನಕ ತಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಗೊಂದಲ ಪೆನ್ ಸೆಲ್ ಗಾತ್ರದಲ್ಲೇ. ಒಂದೇ ಆಕಾರದಲ್ಲಿ ಈಗ ಬೇರೆ ಬೇರೆ ಜಾತಿ ಸಿಗುತ್ತವೆ, ಮೈಮೇಲಿನ ಗುರುತು ಓದಲೇಬೇಕು. ಆರ್6 ಸಾದಾ, ಎಲ್‌ಆರ್6 ಆಲ್ಕಲೈನ್, ಎಫ್‌ಆರ್6 ಚಾರ್ಜ್ ಆಗದ ಲಿಥಿಯಂ. ಈ ಮೂರನ್ನೂ ಚಾರ್ಜರ್‌ಗೆ ಹಾಕಲೇಬಾರದು. ಎಚ್‌ಆರ್6 ನಿಕಲ್ ಮೆಟಲ್ ಹೈಡ್ರೈಡ್, ಇದು ನಮ್ಮದು. ಸಪೂರದ್ದಕ್ಕೆ 6ರ ಬದಲು 03, ಡಿ ಸೆಲ್‌ಗೆ 20. 14500 ಎಂದಿದ್ದರೆ ಅದು 3.7 ವೋಲ್ಟಿನ ಲಿಥಿಯಂ, ಆಟಿಕೆಗೆ ಹಾಕಿದರೆ ಸರ್ಕ್ಯೂಟ್ ಸುಟ್ಟುಹೋಗುತ್ತದೆ. '1.5 ವೋಲ್ಟ್ ಲಿಥಿಯಂ ರೀಚಾರ್ಜಬಲ್' ಎಂದು ಮೈಯಲ್ಲೇ ಯುಎಸ್‌ಬಿ ತೂತು ಇರುವುದೂ ಬಂದಿದೆ. ಅದರ ಒಳಗೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಇದೆ, ಅದನ್ನು ಅದರದೇ ಕೇಬಲ್‌ನಲ್ಲಿ ಮಾತ್ರ ಚಾರ್ಜ್ ಮಾಡಬೇಕು.

ಹಾಗಾಗಿ ಪೆನ್ ಸೆಲ್‌ಗೆ ನಿಕಲ್ ಮಾತ್ರ ಮಾಡುವ ಚಾರ್ಜರ್, ಎಲ್ಲರ ಕೈಗೆ ಸಿಗುವಲ್ಲಿ. 18650ಕ್ಕೆ ಬೇರೆ, ದೊಡ್ಡವರ ಕೈಯಲ್ಲಿ. ತಲೆಲೈಟಿನಲ್ಲೇ ಯುಎಸ್‌ಬಿ ಇದ್ದರೆ ಅದೂ ಬೇಡ.

ಟಾರ್ಚ್ ರಿಪೇರಿ, ಮಲ್ಪೆ

18650ರ ಮೇಲೆ 9900 ಎಂಎಎಚ್ ಅಂತ ಬರೆದದ್ದು ಕಂಡರೆ ಅಲ್ಲಿಂದಲೇ ವಾಪಸ್. ಒಳ್ಳೆಯದು 2500ರಿಂದ 3500ರ ಒಳಗೆ. 5000 ದಾಟಿ ಬರೆದದ್ದು ಸುಳ್ಳು. ಮೇಲಿನ ಪ್ಲಾಸ್ಟಿಕ್ ಸುತ್ತು ಹರಿದಿದ್ದರೆ ಚಾರ್ಜರ್‌ಗೆ ಇಡಬೇಡಿ. ಆ ತಗಡಿನ ಡಬ್ಬಿ ಪೂರ್ತಿ ಮೈನಸ್, ಪ್ಲಸ್ ತುದಿಯ ಅಂಚಿನವರೆಗೂ. ನಡುವೆ ಇರುವುದು ಆ ತೆಳು ಸುತ್ತು ಮಾತ್ರ.

ಮೈಕ್ ಸೆಟ್, ಸುರತ್ಕಲ್

9 ವೋಲ್ಟ್ ಬಗ್ಗೆ. ನಿಕಲ್‌ನ 9 ವೋಲ್ಟ್ ಒಳಗೆ ಪುಟ್ಟ ಸೆಲ್‌ಗಳ ಸಾಲು ಇರ್ತದೆ. 6 ಇದ್ದರೆ 7.2 ವೋಲ್ಟ್, 7 ಇದ್ದರೆ 8.4. ಮೈಕಿಗೆ 7.2ರದ್ದು ತಂದರೆ ಬೇಗ ಕೆಂಪು ಲೈಟ್ ಹೊಡೀತದೆ, 8.4 ಕೇಳಿ ತೆಗೆಯಿರಿ. ಸಾಮರ್ಥ್ಯ 200 ಎಂಎಎಚ್ ಆಸುಪಾಸು ಅಷ್ಟೇ. ಮೈಕ್ 30 ಮಿಲಿಆಂಪ್ ಎಳೆದರೆ 6 ಗಂಟೆ. ಭಜನೆಗೆ ಸಾಕು, ರಾತ್ರಿಯಿಡೀ ಬಯಲಾಟಕ್ಕೆ ಎರಡು ಬೇಕು.

ಪೆನ್ ಸೆಲ್ ಚಾರ್ಜರ್‌ನ ಬದಿಯಲ್ಲಿ 9 ವೋಲ್ಟಿನ ಜಾಗ ಕೊಟ್ಟಿರ್ತಾರಲ್ಲ, ಅದರಲ್ಲಿ ಸಾಧಾರಣವಾಗಿ ನಿಲ್ಲಿಸುವ ವ್ಯವಸ್ಥೆ ಇರುವುದಿಲ್ಲ, 15-20 ಮಿಲಿಆಂಪ್ ಹರೀತಾ ಇರ್ತದೆ. 14 ಗಂಟೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟು ತೆಗೆದರೆ ತೊಂದರೆ ಇಲ್ಲ. ಮೂರು ದಿನ ಅಲ್ಲೇ ಮರೆತರೆ ಸೆಲ್ ಒಣಗಿಹೋಗ್ತದೆ.

ಲಿಥಿಯಂನ 9 ವೋಲ್ಟ್, ಯುಎಸ್‌ಬಿಯದ್ದು, ಹೆಚ್ಚು ಹೊತ್ತು ಬರ್ತದೆ ನಿಜ. ಆದರೆ ಒಳಗೆ ಸ್ವಿಚಿಂಗ್ ಸರ್ಕ್ಯೂಟ್ ಇರುವಂಥದ್ದರಲ್ಲಿ ಮೈಕಿಗೆ ಗುಂಯ್ ಎನ್ನುವ ಸದ್ದು ಸೇರುವುದುಂಟು. ವಾಪಸ್ ಕೊಡುವ ಅವಕಾಶ ಇದ್ದರೆ ಮಾತ್ರ ತೆಗೆದು ನೋಡಿ. ಮುಂದೆ ಮೈಕ್ ಬದಲಾಯಿಸುವಾಗ ಎರಡು ಪೆನ್ ಸೆಲ್‌ನದ್ದೇ ತೆಗೆಯಿರಿ, ಈ ತಲೆನೋವೇ ಇಲ್ಲ.

ಪಡುಬಿದ್ರಿ ಗಾಳಿ

ಕಡಲಬದಿಯವರಿಗೆ ಮುಖ್ಯವಾದ ಇನ್ನೊಂದು ವಿಷಯ, ಕಿಲುಬು. ಉಪ್ಪುಗಾಳಿಗೆ ಚಾರ್ಜರ್‌ನ ಲೋಹದ ತುಂಡಿನ ಮೇಲೆ ಮಂಕು ಪದರ ಕೂರ್ತದೆ, ಕೆಲವೊಮ್ಮೆ ಮೂಲೆಯಲ್ಲಿ ಹಸಿರು ಪುಡಿ. ಅಲ್ಲಿ 0.1 ಓಮ್ ತಡೆ ಬಂದರೂ 1 ಆಂಪ್ ಹರಿಯುವಾಗ 0.1 ವೋಲ್ಟ್ ಅಲ್ಲೇ ಹೋಯ್ತು. ಚಾರ್ಜರ್ ಹುಡುಕುತ್ತಿರುವುದು 5 ಮಿಲಿವೋಲ್ಟ್ ಇಳಿತವನ್ನು, ಇದು ಅದರ ಇಪ್ಪತ್ತು ಪಟ್ಟು. ಸೆಲ್ ಸ್ವಲ್ಪ ಅಲುಗಿದರೂ ವೋಲ್ಟೇಜ್ ಹಾರ್ತದೆ. ಹತ್ತೇ ನಿಮಿಷಕ್ಕೆ 'ತುಂಬಿತು' ಅಂತ ಹಸಿರು ಲೈಟ್, ಇಲ್ಲದಿದ್ದರೆ 'ಸೆಲ್ ಕೆಟ್ಟಿದೆ' ಅಂತ ಮಿಣುಕು.

ತಿಂಗಳಿಗೊಮ್ಮೆ, ಪ್ಲಗ್ ಕಿತ್ತು, ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ ಎರಡೂ ತುದಿಯನ್ನು ಒರೆಸಿ. ಸೆಲ್‌ನ ತುದಿಗಳನ್ನೂ. ಹಠ ಹಿಡಿದದ್ದಕ್ಕೆ ಪೆನ್ಸಿಲ್ ರಬ್ಬರ್. ಮರಳು ಕಾಗದ ಬೇಡ, ಮೇಲಿನ ನಿಕಲ್ ಲೇಪ ಹೋದರೆ ಕೆಳಗಿನ ಕಬ್ಬಿಣ ಒಂದೇ ಮಳೆಗಾಲದಲ್ಲಿ ತುಕ್ಕು. ಟಾರ್ಚಿನ ಒಳಗೆ ಆಲ್ಕಲೈನ್ ಸೋರಿ ಬಿಳಿ ಹರಳು ಕಟ್ಟಿದ್ದರೆ ಅದು ಕ್ಷಾರ, ನಾಲ್ಕು ಹನಿ ವಿನೆಗರ್ ಅಥವಾ ಲಿಂಬೆ ರಸದಲ್ಲಿ ಕರಗ್ತದೆ. ಆಮೇಲೆ ನೀರು ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ.

ಮಲ್ಟಿಮೀಟರ್ 230

ಯುಎಸ್‌ಬಿಯಿಂದ ನಡೆಯುವ ಚಾರ್ಜರ್ ತೆಗೆಯುವವರು ಅಡಾಪ್ಟರನ್ನೂ ನೋಡಿ. ನಾಲ್ಕು ಪೆನ್ ಸೆಲ್‌ಗೆ ತಲಾ 1 ಆಂಪ್ ಕೊಡಲಿಕ್ಕೆ ಸೆಲ್‌ಗಳೇ 6 ವ್ಯಾಟ್ ಹತ್ತಿರ ತಿನ್ನುತ್ತವೆ, ಚಾರ್ಜರ್‌ನ ನಷ್ಟ ಬೇರೆ. ಹಳೆ ಫೋನಿನ 5 ವೋಲ್ಟ್ 1 ಆಂಪ್ ಅಡಾಪ್ಟರ್ ಕೊಡುವುದು 5 ವ್ಯಾಟ್. ಕರೆಂಟ್ ಕುಸಿದು ಮತ್ತೆ ಅದೇ ಇಳಿತ ಕಾಣದ ತೊಂದರೆ. ಕನಿಷ್ಠ 2 ಆಂಪ್‌ನದ್ದು ಬೇಕು.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ 'ಆರ್-' ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಸೆಲ್‌ನ ಮೇಲೆ ಐಎಸ್ 16046, ಅಡಾಪ್ಟರ್ ಮೇಲೆ ಐಎಸ್ 13252. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿ ಉಂಟು ಅಂತ ಬರ್ತದೆ.

ಕೆಟ್ಟ ಸೆಲ್ ಒಣ ಕಸಕ್ಕೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಕರೇ ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಬೇಕು. ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡುವಾಗ ಲಿಥಿಯಂನ ಎರಡೂ ತುದಿಗೆ ಟೇಪ್ ಹಚ್ಚಿ.

ಕುದ್ರೋಳಿ ಕಾರ್ನರ್

ಎಲ್ಲರಿಗೂ ತುಂಬಾ ಉಪಕಾರ. ಎರಡೇ ಸಂಶಯ. ಬಿಪಿ ಮೆಷಿನ್‌ಗೆ ನಿಕಲ್ ಹಾಕಬಹುದಾ? ಮತ್ತೆ ಸೆಲ್‌ಗಳನ್ನು ಅದಲುಬದಲು ಮಾಡಿದರೆ ತೊಂದರೆಯಾ?

ಬೆಸುಗೆ ಕಡ್ಡಿ, ಮಣಿಪಾಲ

ಬಿಪಿ ಮೆಷಿನ್‌ಗೆ ಪುಸ್ತಕದಲ್ಲಿ ಆಲ್ಕಲೈನ್ ಎಂದಿದ್ದರೆ ಅದನ್ನೇ ಹಾಕಿ, ಅಥವಾ ಅದರದೇ ಅಡಾಪ್ಟರ್ ತೆಗೆದುಕೊಳ್ಳಿ. ನಿಕಲ್ ನಾಲ್ಕು ಸೇರಿ 4.8 ವೋಲ್ಟ್, ಆಲ್ಕಲೈನ್ 6. ಬ್ಯಾಟರಿ ಗುರುತು ಆಲ್ಕಲೈನ್ ಲೆಕ್ಕಕ್ಕೆ ಮಾಡಿದ್ದರೆ ತುಂಬಿದ ನಿಕಲ್ ಹಾಕಿದರೂ ಅರ್ಧ ತೋರಿಸುತ್ತದೆ. ಆರೋಗ್ಯದ ವಿಷಯದಲ್ಲಿ ಈ ಗೊಂದಲ ಯಾಕೆ.

ಅದಲುಬದಲು ಖಂಡಿತ ಬೇಡ. ಟಾರ್ಚಿನಲ್ಲಿ ಮೂರು ಸಾಲಾಗಿ ಕೂರುತ್ತವೆ. ಒಂದು ಬಲಹೀನವಾಗಿದ್ದರೆ ಅದು ಮೊದಲು ಖಾಲಿಯಾಗುತ್ತದೆ, ಉಳಿದೆರಡು ಅದರ ಮೂಲಕವೇ ಕರೆಂಟ್ ತಳ್ಳಿ ಪ್ಲಸ್ ಮೈನಸ್ ತಿರುಗುಮುರುಗು ಮಾಡಿಬಿಡುತ್ತವೆ. ಒಂದು ಸಲ ಹಾಗಾದರೂ ಸೆಲ್‌ನ ಬಾಳಿಕೆ ಇಳಿಯುತ್ತದೆ. ಮಾರ್ಕರ್ ಪೆನ್ನಿನಲ್ಲಿ ಸೆಟ್ ಹೆಸರು, ತೆಗೆದ ವರ್ಷ ಬರೆಯಿರಿ: 'ಟಾರ್ಚ್ 1, 2, 3', 'ಆಟಿಕೆ 1, 2, 3, 4'. ಒಟ್ಟಿಗೆ ಬಳಸಿ, ಒಟ್ಟಿಗೆ ಚಾರ್ಜ್ ಮಾಡಿ. ಟಾರ್ಚ್ ಮಂಕಾದ ಕೂಡಲೇ ಆರಿಸಿ, ಪೂರ್ತಿ ಹಿಂಡಬೇಡಿ.

ಹೊಸ ಚಾರ್ಜರ್ ಬಂದ ದಿನವೇ ಹೀಗೆ ಪರೀಕ್ಷೆ ಮಾಡಿ. ನಾಲ್ಕು ಸೆಲ್ ಹಾಕಿ ಪೂರ್ತಿ ಚಾರ್ಜ್ ಆಗಲಿ. ತೆಗೆದು ಒಂದು ಗಂಟೆ ತಣಿಯಲು ಬಿಡಿ, ಮಲ್ಟಿಮೀಟರ್ ಇದ್ದರೆ 1.4 ವೋಲ್ಟಿನ ಹತ್ತಿರ ತೋರಿಸಬೇಕು. ಮತ್ತೆ ಅದೇ ಸೆಲ್‌ಗಳನ್ನು ಚಾರ್ಜರ್‌ಗೆ ಹಾಕಿ ಗಡಿಯಾರ ನೋಡಿ. ಹದಿನೈದು ಇಪ್ಪತ್ತು ನಿಮಿಷದೊಳಗೆ ನಾಲ್ಕೂ ನಿಲ್ಲಬೇಕು. ಒಂದು ಜಾಗದ ಲೈಟ್ ಮಾತ್ರ ಮುಕ್ಕಾಲು ಗಂಟೆ ಉರಿದು ಸೆಲ್ ಬಿಸಿಯಾಗುತ್ತಿದ್ದರೆ, ಆ ಸೆಲ್ಲನ್ನು ಪಕ್ಕದ ಜಾಗಕ್ಕೆ ಹಾಕಿ ನೋಡಿ. ಅಲ್ಲಿ ಸರಿಯಾಗಿ ನಿಂತರೆ ತಪ್ಪು ಚಾರ್ಜರ್‌ನದ್ದು, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಬದಲಾಯಿಸಿಕೊಳ್ಳಿ. ಅಲ್ಲೂ ನಿಲ್ಲದಿದ್ದರೆ ಸೆಲ್ಲೇ ಕೆಟ್ಟದ್ದು.